ಬಫರಿಂಗ್ ಚಕ್ರಕ್ಕೆ ನಿಮ್ಮ ಫೋನನ್ನು ಬೈಯಬೇಡಿ

ವಿಡಿಯೊ ನಿಂತು ನಿಂತು ಓಡುತ್ತಿದೆಯೇ? ಫೋನ್ ಆಫ್ ಮಾಡಿ ಆನ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಕ್ಯಾಶ್ ಕ್ಲಿಯರ್ ಮಾಡಿ. ಬೇಡದ ಆ್ಯಪ್ ಕಿತ್ತುಹಾಕಿ. ಆಗಲೂ ಆಗದಿದ್ದರೆ ಹೊಸ ಫೋನ್ ತಗೊಳ್ಳಿ, ತಗೊಳ್ಳುವಾಗ 5ಜಿ ಫೋನೇ ತಗೊಳ್ಳಿ.

ಈ ಉಪದೇಶ ಕೇಳಿ ಕೇಳಿ ನಮಗೆ ಸಾಕಾಗಿದೆ. ಕಸ್ಟಮರ್ ಕೇರ್‌ನವರು ಹೇಳುವುದು ಇದನ್ನೇ. ಮೊಬೈಲ್ ಅಂಗಡಿಯವರು ಹೇಳುವುದೂ ಇದನ್ನೇ. ‘ಈ ಒಂದು ಸೆಟ್ಟಿಂಗ್ ಬದಲಿಸಿ, ನೆಟ್ ರಾಕೆಟ್ ಆಗುತ್ತೆ’ ಎಂದು ಯೂಟ್ಯೂಬಿನಲ್ಲಿ ಕೂಗುವವರೂ ಇದನ್ನೇ ಹೇಳುತ್ತಾರೆ. (ಆ ವಿಡಿಯೊ ಪೂರ್ತಿ ನೋಡಬೇಕಾದರೂ ಮೊದಲು ನೆಟ್ ಬೇಕು, ಅದು ಬೇರೆ ಮಾತು.) ಎಲ್ಲರ ಮಾತಿನ ಒಳಗೂ ಒಂದೇ ಅರ್ಥವಿದೆ: ತಪ್ಪು ನಿಮ್ಮದು. ನಿಮ್ಮ ಫೋನ್ ಹಳೆಯದು, ನಿಮಗೆ ಬಳಸಲು ಬರುವುದಿಲ್ಲ, ನಿಮ್ಮ ಮನೆ ಇರುವ ಜಾಗ ಸರಿಯಿಲ್ಲ.

ನಾವು ಹೇಳುವುದು ಬೇರೆ. ಮನೆಯೊಳಗೆ ಸರಿಮಾಡಿಕೊಳ್ಳಬಹುದಾದದ್ದು ಕೊಂಚ ಇದೆ, ಅರ್ಧ ಗಂಟೆಯ ಕೆಲಸ. ಅದನ್ನು ಖಂಡಿತ ಮಾಡಿ. ಆದರೆ ಅಷ್ಟು ಮಾಡಿದ ಮೇಲೂ ಚಕ್ರ ಸುತ್ತುತ್ತಿದ್ದರೆ ದೋಷ ನಿಮ್ಮ ಹೊಸ್ತಿಲಿನ ಹೊರಗಿದೆ. ಅದಕ್ಕೆ ಹೊಣೆಗಾರರಿದ್ದಾರೆ, ಅವರು ಆ ಹೊಣೆಗೆ ನಿಮ್ಮಿಂದ ಹಣವನ್ನೂ ತೆಗೆದುಕೊಂಡಿದ್ದಾರೆ.

ಮೊದಲು ಈ ಚಕ್ರ ಏನು ಅಂತ ನೋಡೋಣ. ಬಚ್ಚಲಮನೆಯ ಹಂಡೆ ನೆನೆಸಿಕೊಳ್ಳಿ. ನಲ್ಲಿಯಿಂದ ನೀರು ಹಂಡೆಗೆ ಬೀಳುತ್ತದೆ, ನೀವು ಚೊಂಬಿನಲ್ಲಿ ತೆಗೆದು ಮೈಮೇಲೆ ಹೊಯ್ದುಕೊಳ್ಳುತ್ತೀರಿ. ಬೀಳುವ ನೀರು ತೆಗೆಯುವ ನೀರಿಗಿಂತ ಜಾಸ್ತಿ ಇದ್ದರೆ ಸ್ನಾನ ನಿಲ್ಲುವುದಿಲ್ಲ. ನಲ್ಲಿ ಸಣ್ಣಗಾದರೆ ಹಂಡೆಯಲ್ಲಿದ್ದದ್ದು ಮುಗಿಯುವ ತನಕ ನಡೆಯುತ್ತದೆ, ಆಮೇಲೆ ಸೋಪು ಹಚ್ಚಿಕೊಂಡು ಕಾಯುತ್ತಾ ನಿಲ್ಲಬೇಕು. ವಿಡಿಯೊವೂ ಹೀಗೆಯೇ. ಮುಂದಿನ ಕೆಲವು ಸೆಕೆಂಡುಗಳ ದೃಶ್ಯವನ್ನು ಫೋನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಆ ಹಂಡೆ ಬರಿದಾದಾಗ ಚಕ್ರ ಸುತ್ತುತ್ತದೆ.

ಎಷ್ಟು ನೀರು ಬೇಕು ಎನ್ನುವುದು ಚಿತ್ರದ ಗುಣಮಟ್ಟದ ಮೇಲೆ ನಿಂತಿದೆ. ಯೂಟ್ಯೂಬ್ ತಾನೇ ಹೇಳುವ ಲೆಕ್ಕ ಹೀಗಿದೆ: 360ಪಿ ಚಿತ್ರಕ್ಕೆ 0.7 ಎಂಬಿಪಿಎಸ್, 480ಪಿಗೆ 1.1, 720ಪಿಗೆ 2.5, 1080ಪಿಗೆ 5, 4ಕೆ ಚಿತ್ರಕ್ಕೆ 20. ಈ ಐದು ಅಂಕಿ ಗೊತ್ತಿದ್ದರೆ ಸಾಕು, ಯಾರೂ ನಿಮ್ಮ ಕಿವಿಗೆ ಹೂವು ಇಡುವುದಕ್ಕೆ ಆಗುವುದಿಲ್ಲ. ಅಂಗೈಯಗಲದ ಫೋನಿನಲ್ಲಿ ಪಾಠ ಕೇಳುವುದಕ್ಕೆ, ಧಾರಾವಾಹಿ ನೋಡುವುದಕ್ಕೆ 480ಪಿ ಧಾರಾಳವಾಯಿತು. ಅಂದರೆ ನಮಗೆ ಬೇಕಾಗಿರುವುದು ರಾಕೆಟ್ ವೇಗ ಅಲ್ಲ. ಜಾಹೀರಾತಿನಲ್ಲಿ ನೂರು, ಇನ್ನೂರು, ಐನೂರು ಎಂದು ಬಡಾಯಿ ಕೊಚ್ಚುವವರ ಹತ್ತಿರ ನಾವು ಕೇಳುತ್ತಿರುವುದು ಒಂದೂಕಾಲು ಎಂಬಿಪಿಎಸ್. ಆದರೆ ಅದು ನಿಲ್ಲದೆ ಬರಬೇಕು.

ಮನೆಯೊಳಗಿನ ಅರ್ಧ ಗಂಟೆ

ಫೋನು ತಪ್ಪಿತಸ್ಥನೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಯಾವುದಾದರೂ ವಿಡಿಯೊ ಡೌನ್‌ಲೋಡ್ ಮಾಡಿ, ನೆಟ್ ಆಫ್ ಮಾಡಿ, ಓಡಿಸಿ. ಸಲೀಸಾಗಿ ಓಡಿತೇ? ಹಾಗಾದರೆ ನಿಮ್ಮ ಫೋನಿಗೆ ವಿಡಿಯೊ ತೋರಿಸುವ ಶಕ್ತಿ ಇದೆ. ಹದಿನೈದು ಸಾವಿರ ರೂಪಾಯಿ ಜೇಬಿನಲ್ಲೇ ಇಟ್ಟುಕೊಳ್ಳಿ. ಡೌನ್‌ಲೋಡ್ ಆದ ವಿಡಿಯೊ ಕೂಡ ತಡವರಿಸಿದರೆ ಮಾತ್ರ ಫೋನಿನ ಕಡೆ ನೋಡಿ: ಸ್ಟೋರೇಜ್ ತುಂಬಿರಬಹುದು. ವಾಟ್ಸ್ಆ್ಯಪ್ಪಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿದರೇ ಎಷ್ಟೋ ಫೋನುಗಳು ಉಸಿರಾಡುತ್ತವೆ.

ಎರಡನೆಯದು, ಇವತ್ತಿನ ಡೇಟಾ ಮುಗಿದಿದೆಯೇ? ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ 480ಪಿ ವಿಡಿಯೊ ಸುಮಾರು ಮೂರು ಗಂಟೆ ಬರುತ್ತದೆ. ಅದೇ 720ಪಿ ಆದರೆ ಒಂದೂಕಾಲು ಗಂಟೆ ದಾಟುತ್ತಿದ್ದಂತೆ ಖಾಲಿ. ಆಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ಹೆಚ್ಚಿನ ಪ್ಯಾಕುಗಳಲ್ಲಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ನಿಮಿಷದ 480ಪಿ ವಿಡಿಯೊ ತುಂಬಲು 17 ನಿಮಿಷ ಬೇಕು. ಇದನ್ನು ಪ್ಯಾಕಿನ ಮೇಲೆ ‘ಅನ್‌ಲಿಮಿಟೆಡ್’ ಎಂದು ಬರೆದು ಮಾರುತ್ತಾರೆ. ಬೆಳಗ್ಗೆ ರೀಲ್ಸ್ ನೋಡಿ ಸಂಜೆ ಪಾಠಕ್ಕೆ ಡೇಟಾ ಇಲ್ಲ ಎಂದಾದರೆ ಅದು ಮನೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳುವ ವಿಷಯ, ಅಲ್ಲಿ ನಾವು ಬಾಯಿ ಹಾಕುವುದಿಲ್ಲ.

ಯೂಟ್ಯೂಬ್ ಸೆಟ್ಟಿಂಗಿನಲ್ಲಿ ವಿಡಿಯೊ ಗುಣಮಟ್ಟದ ಆಯ್ಕೆ ಇದೆ. ಮೊಬೈಲ್ ನೆಟ್‌ವರ್ಕಿಗೆ ಬೇರೆ, ವೈ-ಫೈಗೆ ಬೇರೆ ಇಟ್ಟುಕೊಳ್ಳಬಹುದು. ಮೊಬೈಲ್ ನೆಟ್‌ವರ್ಕಿನ ಕಡೆ ‘ಡೇಟಾ ಸೇವರ್’ ಒತ್ತಿ. ಸ್ಮಾರ್ಟ್ ಟಿವಿ ಇರುವ ಮನೆಯಲ್ಲಿ ಇದನ್ನು ಇನ್ನೂ ಗಮನಿಸಬೇಕು. ದೊಡ್ಡ ಪರದೆಯೆಂದು ಅದು ತಾನಾಗಿಯೇ 1080ಪಿಗೋ 4ಕೆಗೋ ಕೈಚಾಚುತ್ತದೆ, ಸಿಗದಿದ್ದಾಗ ಮುಗ್ಗರಿಸುತ್ತದೆ. ರಿಮೋಟಿನಲ್ಲಿ 720ಪಿಗೆ ಇಳಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಗೋಳು ಮುಗಿಯುತ್ತದೆ.

ಎರಡು ಸಿಮ್ ಇರುವವರು ಡೇಟಾ ಯಾವ ಸಿಮ್ಮಿನಲ್ಲಿ ಓಡುತ್ತಿದೆ ನೋಡಿಕೊಳ್ಳಿ. ಕೆಲವು ಹಳೆಯ ಅಗ್ಗದ ಫೋನುಗಳಲ್ಲಿ 4ಜಿ ಸಿಗುವುದು ಮೊದಲನೇ ಗೂಡಿಗೆ ಮಾತ್ರ. ಸಿಮ್ ಅದಲುಬದಲು ಮಾಡಿದರೆ ಕಥೆಯೇ ಬದಲಾಗುತ್ತದೆ.

ಇನ್ನು ವೈ-ಫೈ ಹಾಕಿಸಿಕೊಂಡ ಮನೆಗಳು. ಇಲ್ಲಿ ಮುಕ್ಕಾಲು ಪಾಲು ರಗಳೆ ಬರುವುದು ಆ ಡಬ್ಬಿಯನ್ನು ಇಟ್ಟ ಜಾಗದಿಂದ. ಕೇಬಲ್ ಹುಡುಗ ಬಂದವನು ತನಗೆ ವೈರು ಎಳೆಯಲು ಸುಲಭವಾದ ಮೂಲೆಯಲ್ಲಿ ಮೊಳೆ ಹೊಡೆದು ಹೋಗುತ್ತಾನೆ. ಮನೆಯವರು ಚೆಂದ ಕಾಣಲೆಂದು ಅದನ್ನು ಶೋಕೇಸಿನ ಒಳಗೆ, ಟಿವಿಯ ಹಿಂದೆ, ಬೀರುವಿನ ಮೇಲೆ ಸೇರಿಸುತ್ತಾರೆ. ವೈ-ಫೈ ಅಲೆಗೆ ಕಬ್ಬಿಣದ ಬೀರು, ತಗಡು, ನೀರಿನ ಟ್ಯಾಂಕು, ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಎಲ್ಲವೂ ಅಡ್ಡಿಯೇ. ನಮ್ಮ ಹಳೇ ತೊಟ್ಟಿಮನೆಗಳ ಗೋಡೆ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ವೈ-ಫೈಗೆ ಕೋಟೆ. ಡಬ್ಬಿಯನ್ನು ಮನೆಯ ನಡುಭಾಗಕ್ಕೆ ತಂದು, ಆಳೆತ್ತರದಲ್ಲಿ, ಸುತ್ತ ಏನೂ ಇಲ್ಲದಂತೆ ಇಡಿ.

ಹೊಸ ಡಬ್ಬಿಗಳಲ್ಲಿ ಎರಡು ಹೆಸರಿನ ವೈ-ಫೈ ಕಾಣಿಸುತ್ತದೆ. 5ಜಿ ಎಂದೋ 5 ಗಿಗಾ ಎಂದೋ ಬಾಲ ಇರುವುದು ಒಂದು, ಇಲ್ಲದ್ದು ಒಂದು. ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ, ಮೋಸ ಹೋಗಬೇಡಿ. ಬಾಲ ಇರುವುದು ವೇಗ ಹೆಚ್ಚು, ಆದರೆ ಗೋಡೆ ದಾಟಲು ಸೋಮಾರಿ. ಅದೇ ಕೋಣೆಯಲ್ಲಿ ಕೂತಾಗ ಅದನ್ನು ಹಿಡಿಯಿರಿ. ಹಿತ್ತಲಲ್ಲೋ ಜಗಲಿಯಲ್ಲೋ ಕೂತಾಗ ಇನ್ನೊಂದು. ಟಿವಿ ಡಬ್ಬಿಯ ಹತ್ತಿರವೇ ಇದ್ದರೆ ವೈ-ಫೈಯೇ ಬೇಡ, ಒಂದು ಲ್ಯಾನ್ ವೈರ್ ಎಳೆದು ನೇರ ಜೋಡಿಸಿ. ಅಷ್ಟು ಭರವಸೆಯ ಪರಿಹಾರ ಬೇರೆ ಇಲ್ಲ.

ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕು ಹೊತ್ತು ತರುವ ಎಳೆ ಎಲ್ಲೋ ಕಡಿದಿದೆ ಅಥವಾ ಮಡಚಿದೆ. ಫೈಬರ್ ತಾಮ್ರದ ವೈರಿನಂತಲ್ಲ. ಒಳಗಿರುವುದು ಗಾಜು. ಮೊಳೆಗೆ ಸುತ್ತಿದರೆ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿದರೆ ಬೆಳಕು ಸೋರುತ್ತದೆ. ತೋಟದ ಮೇಲೆ ಹಾದು ಬಂದ ಎಳೆಯನ್ನು ಅಳಿಲು ಕಡಿಯುತ್ತದೆ, ಮಂಗ ಜೋತಾಡುತ್ತದೆ, ಅಡಿಕೆ ಸೋಗೆ ಬೀಳುತ್ತದೆ. ರಿಪೇರಿಗೆ ಬಂದವರಲ್ಲಿ ‘ಪವರ್ ಎಷ್ಟು ಬರ್ತಿದೆ?’ ಎಂದು ಕೇಳಿ. ಅವರ ಕೈಯ ಮೀಟರಿನಲ್ಲಿ ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 27 ದಾಟಿದರೆ ಲೈನ್ ಸರಿಯಿಲ್ಲ. ಈ ಒಂದು ಪ್ರಶ್ನೆ ಕೇಳಿದರೆ ಅವರು ನಿಮ್ಮ ಜೊತೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ, ನೋಡಿ ಬೇಕಾದರೆ.

ಕರೆಂಟ್ ಹೋದಾಗ ಡಬ್ಬಿಯೂ ಸಾಯುತ್ತದೆ. ಅದಕ್ಕೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಎಷ್ಟೆಂದು ನೋಡಿಕೊಂಡು ಹೋಗಿ.

ಮಾಡಬಾರದ್ದೂ ಇದೆ. ‘ನೆಟ್ ಬೂಸ್ಟರ್’, ‘ಸ್ಪೀಡ್ ಕ್ಲೀನರ್’ ಎಂಬ ಆ್ಯಪ್‌ಗಳು ಯಾವ ನೆಟ್ಟನ್ನೂ ಹೆಚ್ಚಿಸುವುದಿಲ್ಲ. ಜಾಹೀರಾತು ತುಂಬಿಕೊಂಡು ಇದ್ದ ಡೇಟಾವನ್ನೂ ತಿನ್ನುತ್ತವೆ. ಆನ್‌ಲೈನಿನಲ್ಲಿ ಮಾರುವ ಮೊಬೈಲ್ ಸಿಗ್ನಲ್ ಬೂಸ್ಟರ್ ಯಂತ್ರವನ್ನು ಪರವಾನಗಿ ಇಲ್ಲದೆ ಮನೆ ಮೇಲೆ ಹಾಕುವುದು ಕಾನೂನಿಗೆ ವಿರುದ್ಧ, ಅದರಿಂದ ಅಕ್ಕಪಕ್ಕದ ಮನೆಗಳ ನೆಟ್‌ವರ್ಕ್ ಕೆಡುತ್ತದೆ.

ಇಷ್ಟೇ. ಮನೆಯೊಳಗಿನ ಕೆಲಸ ಮುಗಿಯಿತು.

ನಾಲ್ಕು ಕಡ್ಡಿ ಇದೆ, ನೆಟ್ ಇಲ್ಲ

ಈಗ ಒಂದು ಪರೀಕ್ಷೆ. ಟ್ರಾಯ್‌ನವರದ್ದೇ ‘ಮೈ ಸ್ಪೀಡ್’ ಎಂಬ ಆ್ಯಪ್ ಇದೆ. ಅದರಲ್ಲಿ ಬೆಳಗಿನ ಜಾವ ಐದಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಎಂಟೂವರೆಗೆ ಒಂದು ಸಲ ವೇಗ ಅಳೆಯಿರಿ. ಅದೇ ಫೋನು, ಅದೇ ಸಿಮ್, ಅದೇ ಜಗಲಿ. ನಮ್ಮ ಗುಂಪಿನವರು ತಂತಮ್ಮ ಊರುಗಳಲ್ಲಿ ಇದನ್ನು ಮಾಡಿದ್ದೇವೆ. ಜಾವದಲ್ಲಿ ಓಡುವ ನೆಟ್ ರಾತ್ರಿ ಊಟದ ಹೊತ್ತಿಗೆ ಕುಂಟುತ್ತದೆ. ಬಯಲುಸೀಮೆಯ ಊರಾದರೂ ಅದೇ, ಮಲೆನಾಡಿನ ಊರಾದರೂ ಅದೇ. ಹದಿನೈದು ಗಂಟೆಯಲ್ಲಿ ನಮ್ಮ ಫೋನಿಗೆ ವಯಸ್ಸಾಯಿತೇ?

ಆಗುವುದು ಇದು. ಟವರಿನ ಒಂದೊಂದು ದಿಕ್ಕಿಗೂ ಇಷ್ಟು ಎಂದು ಒಂದು ಮಿತಿ ಇರುತ್ತದೆ. ಹತ್ತು ಮೆಗಾಹರ್ಟ್ಸ್ ತರಂಗಾಂತರದಲ್ಲಿ ಓಡುವ ಸಾಮಾನ್ಯ 4ಜಿಗೆ ಪುಸ್ತಕದ ಲೆಕ್ಕದಲ್ಲಿ ಅತಿ ಹೆಚ್ಚೆಂದರೆ 75 ಎಂಬಿಪಿಎಸ್. ನಿಜದಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ದೂರದ ಮನೆಯವರಿಗೆ ತಲುಪಿಸುವುದರಲ್ಲೇ ಟವರು ಸುಸ್ತಾಗುತ್ತದೆ. ಪುಸ್ತಕದ ಲೆಕ್ಕವನ್ನೇ ಹಿಡಿಯೋಣ. 720ಪಿ ವಿಡಿಯೊ ನೋಡುವವರು ಒಟ್ಟಿಗೆ ಮೂವತ್ತು ಜನ ಆದರೆ 75 ಅಲ್ಲಿಗೆ ಮುಗಿಯಿತು. ಒಂದು ಟವರಿಗೆ ನಾಲ್ಕೈದು ಹಳ್ಳಿ ಇರುವ ಕಡೆ, ಒಂದು ದಿಕ್ಕಿಗೆ ಮೂವತ್ತು ಫೋನು ಯಾವ ಲೆಕ್ಕ? ಐಪಿಎಲ್ ಇರುವ ರಾತ್ರಿ ಒಂದು ಬೀದಿಯಲ್ಲೇ ಅಷ್ಟು ಸಿಗುತ್ತವೆ.

ಫೋನಿನ ತಲೆಯ ಮೇಲೆ ಕಾಣುವ ಕಡ್ಡಿಗಳು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂದಷ್ಟೇ ಹೇಳುತ್ತವೆ. ನಿಮ್ಮ ಮುಂದೆ ಎಷ್ಟು ಜನ ಸಾಲಿನಲ್ಲಿದ್ದಾರೆ ಎಂದು ಹೇಳುವುದಿಲ್ಲ. ‘ಸಿಗ್ನಲ್ ಫುಲ್ ಇದೆಯಲ್ಲ ಸರ್, ನಿಮ್ಮ ಫೋನ್ ಚೆಕ್ ಮಾಡಿಸಿ’ ಎನ್ನುವ ಕಸ್ಟಮರ್ ಕೇರ್‌ನವರಿಗೆ ಇದು ಗೊತ್ತಿಲ್ಲ ಎಂದು ನಾವು ನಂಬುವುದಿಲ್ಲ.

ಟವರಿನ ಹಿಂದೆಯೂ ಒಂದು ಕಥೆಯಿದೆ. ಆ ಟವರಿಗೆ ನೆಟ್ ಎಲ್ಲಿಂದ ಬರುತ್ತದೆ? ಪೇಟೆಯ ಟವರಿಗೆ ನೆಲದೊಳಗಿನ ಫೈಬರ್ ಬಂದಿರುತ್ತದೆ. ಹಳ್ಳಿಯ ಎಷ್ಟೋ ಟವರುಗಳಿಗೆ ಫೈಬರ್ ಇಲ್ಲ. ಮೇಲೆ ಕಟ್ಟಿದ ತಟ್ಟೆಯಂಥ ಮೈಕ್ರೋವೇವ್ ಆಂಟೆನಾ ಇನ್ನೊಂದು ಟವರಿನಿಂದ ಹಿಡಿದು ತರುತ್ತದೆ, ಅದು ಮತ್ತೊಂದರಿಂದ. ಓವರ್‌ಹೆಡ್ ಟ್ಯಾಂಕಿಗೆ ಅರ್ಧ ಇಂಚಿನ ಪೈಪು ಹಾಕಿ ಊರಿಗೆಲ್ಲ ನಲ್ಲಿ ಕೊಟ್ಟ ಹಾಗೆ. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್ ಆರಂಭಿಸಿದಾಗ, ದೇಶದ ಟವರುಗಳಲ್ಲಿ ಫೈಬರ್ ಮುಟ್ಟಿದ್ದು ಶೇ 30ರಷ್ಟಕ್ಕೆ, ಅದನ್ನು ಶೇ 70ಕ್ಕೆ ಏರಿಸುತ್ತೇವೆ ಎಂದಿತ್ತು. ಆ ಮೂವತ್ತರಲ್ಲಿ ನಮ್ಮೂರಿನ ಟವರ್ ಇತ್ತೇ, ಎಪ್ಪತ್ತರಲ್ಲಿ ಬಂತೇ ಎಂದು ಊರಿನವರಿಗೆ ಹೇಳಿದವರು ಯಾರೂ ಇಲ್ಲ. ಮೇಲಿನ ತಟ್ಟೆಗೆ ಬರುವ ನೀರೇ ಸಣ್ಣದಿದ್ದಾಗ, ಕೆಳಗೆ ಟವರಿಗೆ 5ಜಿ ಬೋರ್ಡು ಹಚ್ಚಿ ಏನು ಬಂತು?

ಇನ್ನು ಕರೆಂಟ್. ಮಳೆಗಾಲದಲ್ಲಿ ಲೈನ್ ಹೋದರೆ ಟವರ್ ಬ್ಯಾಟರಿಯ ಮೇಲೆ ನಿಲ್ಲಬೇಕು, ಬ್ಯಾಟರಿ ಮುಗಿದರೆ ಡೀಸೆಲ್ ಜನರೇಟರ್ ಮೇಲೆ. ಬ್ಯಾಟರಿ ಹಳೆಯದಾಗಿದ್ದು ಡೀಸೆಲ್ ಹಾಕಲು ಯಾರೂ ಬಾರದಿದ್ದರೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಇಡೀ ಸುತ್ತು ಹಳ್ಳಿಯ ಫೋನು ಸತ್ತುಹೋಗುತ್ತದೆ. ಆಗ ಚಕ್ರ ಸುತ್ತುವ ಭಾಗ್ಯವೂ ಇಲ್ಲ.

ಪಂಚಾಯ್ತಿ ಆಫೀಸಿನ ಗೋಡೆಯ ಪೆಟ್ಟಿಗೆ

ನಮ್ಮ ಸಿಟ್ಟು ಹೆಚ್ಚಿರುವುದು ಇಲ್ಲಿ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವುದು, ಪ್ರತಿ ಪಂಚಾಯ್ತಿಗೆ 100 ಎಂಬಿಪಿಎಸ್ ಕೊಡುವುದು. ಎರಡು ವರ್ಷದಲ್ಲಿ ಮುಗಿಸುವ ಮಾತು. ಸರ್ಕಾರ ಬದಲಾಯಿತು, ಹೆಸರು ಬದಲಾಗಿ ಭಾರತ್‌ನೆಟ್ ಆಯಿತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯ್ತಿ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಆಗಿತ್ತು. 2023ರ ಆಗಸ್ಟಿನಲ್ಲಿ ಯೋಜನೆಯನ್ನು ತಿದ್ದಿ 1,39,579 ಕೋಟಿ ರೂಪಾಯಿಗೆ ಮತ್ತೊಮ್ಮೆ ಒಪ್ಪಿಗೆ ಸಿಕ್ಕಿತು.

ದುಡ್ಡಿನ ಅಂಕಿ ನೋಡಿ ತಲೆ ತಿರುಗಿದರೆ ಇನ್ನೊಂದು ಅಂಕಿ ನೋಡಿ. 2025ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಮಿಷನ್ನಿನ ಎರಡನೇ ಆವೃತ್ತಿ ಬಂತು. 2030ರ ಹೊತ್ತಿಗೆ 2.70 ಲಕ್ಷ ಹಳ್ಳಿಗಳಲ್ಲಿ ಕೆಲಸ ಮಾಡುವ ಫೈಬರ್ ಇರಬೇಕು ಎನ್ನುವುದು ಅದರ ಗುರಿ. ಈಗ ಎಷ್ಟಿದೆ ಎಂದು ಅದೇ ಪ್ರಕಟಣೆ ಹೇಳಿತ್ತು: ಸುಮಾರು 50 ಸಾವಿರ. ಹದಿಮೂರು ವರ್ಷದ ಮೇಲೆ ಸರ್ಕಾರದ ಬಾಯಿಂದಲೇ ಬಂದ ಲೆಕ್ಕ ಇದು, ನಮ್ಮದಲ್ಲ. ಗುರಿಯ ಜೊತೆಗೆ ಶೇ 95ರಷ್ಟು ಹೊತ್ತು ಫೈಬರ್ ಚಾಲೂ ಇರಬೇಕು ಎಂದಿದೆ. ಉಳಿದ ಐದನ್ನು ಲೆಕ್ಕ ಹಾಕಿದರೆ ವರ್ಷಕ್ಕೆ ಹದಿನೆಂಟು ದಿನ. ಗುರಿ ಮುಟ್ಟಿದ ಮೇಲೂ ಹದಿನೆಂಟು ದಿನ ಕೆಟ್ಟು ಕೂರಬಹುದು ಎಂದಾಯಿತು. ಪೇಟೆಯವರಿಗೆ ಈ ಮಾತು ಹೇಳಿ ನೋಡಲಿ.

ನಿಮ್ಮ ಪಂಚಾಯ್ತಿ ಕಚೇರಿಗೆ ಹೋದಾಗ ಕಂಪ್ಯೂಟರ್ ಕೋಣೆಯ ಗೋಡೆಯ ಕಡೆ ಕಣ್ಣು ಹಾಯಿಸಿ. ಒಂದು ಲೋಹದ ಪೆಟ್ಟಿಗೆ, ಪಕ್ಕದಲ್ಲಿ ಬ್ಯಾಟರಿ ಇರಬಹುದು. ದೀಪ ಉರಿಯುತ್ತಿದೆಯೇ, ಧೂಳು ಕೂತಿದೆಯೇ? ನಾವು ನೋಡಿದ ಒಂದು ಕಡೆ ಅದರ ಮೇಲೆ ಗ್ರಾಮ ಸಭೆಯ ಹಳೇ ಬ್ಯಾನರ್ ಸುತ್ತಿಟ್ಟಿದ್ದರು. ಅಲ್ಲಿನ ಕಂಪ್ಯೂಟರ್ ಆಪರೇಟರ್ ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಖಾತೆ ಎಂಟ್ರಿ ಮಾಡುತ್ತಿದ್ದರು. ಆ ರೀಚಾರ್ಜಿನ ದುಡ್ಡು ಅವರ ಕೈಯದ್ದು.

ಈ ಯೋಜನೆಯ ಹಣ ಆಕಾಶದಿಂದ ಬಿದ್ದದ್ದಲ್ಲ. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದಲ್ಲಿ ಶೇ 5ರಷ್ಟನ್ನು ಹಳ್ಳಿಗಳಿಗೆ ಸಂಪರ್ಕ ಕೊಡುವ ನಿಧಿಗೆಂದು ಕಟ್ಟುತ್ತವೆ. 2002ರಿಂದ ಇದ್ದ ಈ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. ಕಂಪನಿಯ ಆದಾಯ ಎಂದರೆ ಯಾರ ದುಡ್ಡು? ತಿಂಗಳು ತಿಂಗಳು ರೀಚಾರ್ಜ್ ಮಾಡುವ ನಮ್ಮ ನಿಮ್ಮ ದುಡ್ಡು. 2024ರ ಜುಲೈನಲ್ಲಿ ದರ ಏರಿದಾಗ ಹಳ್ಳಿಗೆ ಕಡಿಮೆ, ಪೇಟೆಗೆ ಜಾಸ್ತಿ ಎಂದೇನೂ ಇರಲಿಲ್ಲ. ಕೊಡುವಾಗ ಸಮ, ಪಡೆಯುವಾಗ ಅರ್ಧ.

‘ಸಿನಿಮಾ ನೋಡುವುದಕ್ಕೆ ನಿಮಗೆ ನೆಟ್ ಬೇಕಾ?’ ಎಂದು ಕೇಳುವ ಅಧಿಕಾರಿಗಳಿದ್ದಾರೆ. ಊರಿನ ಹಿರಿಯರಲ್ಲೂ ಇದ್ದಾರೆ. ಈ ಮಾತಿಗೆ ಎಲ್ಲರೂ ತಡಬಡಾಯಿಸಿ, ‘ಇಲ್ಲ ಸಾರ್, ಮಕ್ಕಳ ಓದಿಗೆ’ ಎನ್ನುತ್ತಾರೆ. ಓದಿಗೆ ಬೇಕು, ನಿಜ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಎಸ್ಸೆಸ್ಸೆಲ್ಸಿ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೊ ನೀವೆಲ್ಲ ನೋಡಿದ್ದೀರಿ. ಅದೇ ವರ್ಷ ಮಲೆನಾಡಿನ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತ ಇಲ್ಲ’ ಎಂಬ ಕೂಗು ಎದ್ದಿತು. ಆದರೆ ನಾವು ಇನ್ನೂ ಒಂದು ಮಾತು ಹೇಳುತ್ತೇವೆ: ಸಿನಿಮಾ ನೋಡುವುದಕ್ಕೂ ಬೇಕು. ಹೊಲದಿಂದ ಬಂದು ಕೈಕಾಲು ತೊಳೆದು ಕೂತವರು ರಾತ್ರಿ ಒಂದು ನಾಟಕ, ಒಂದು ಯಕ್ಷಗಾನ, ಒಂದು ಕ್ರಿಕೆಟ್ ಪಂದ್ಯ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದುಡ್ಡು ಕೊಟ್ಟಾಗಿದೆ. ಅಂಗಡಿಯವನು ಅರ್ಧ ಕೇಜಿ ಬೇಳೆ ಕೊಟ್ಟು ಒಂದು ಕೇಜಿ ಹಣ ತೆಗೆದುಕೊಂಡು, ‘ಇಷ್ಟು ಬೇಳೆ ನಿಮಗೇಕೆ?’ ಎಂದರೆ ಸುಮ್ಮನಿರುತ್ತೀರಾ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಜಾಲದ ಮೇಲೆ ಹೊರೆ ಬಿತ್ತೆಂದು ದೊಡ್ಡ ವಿಡಿಯೊ ಕಂಪನಿಗಳೆಲ್ಲ ಸೇರಿ ಮೊಬೈಲಿನಲ್ಲಿ 480ಪಿಗಿಂತ ಮೇಲೆ ಕೊಡುವುದಿಲ್ಲ ಎಂದು ಏಪ್ರಿಲ್ 14ರ ತನಕ ನಿಲ್ಲಿಸಿದವು. ಪೇಟೆಯವರಿಗೆ ಅದು ಸುದ್ದಿಯಾಯಿತು. ನಮಗೆ ಅದು ಸುದ್ದಿಯೇ ಅಲ್ಲ, ನಮ್ಮಲ್ಲಿ 480 ನಿಲ್ಲದೆ ಓಡಿದ ದಿನವೇ ಹಬ್ಬ.

ಸರ್ಕಾರದ ಪ್ರಕಾರ ‘ಬ್ರಾಡ್‌ಬ್ಯಾಂಡ್’ ಎಂದರೆ ಏನು ಗೊತ್ತೇ? 2013ರಿಂದ 512 ಕೆಬಿಪಿಎಸ್ ಇತ್ತು. 2023ರ ಜನವರಿಯಲ್ಲಿ ಕನಿಷ್ಠ 2 ಎಂಬಿಪಿಎಸ್ ಮಾಡಿದರು. ಮೇಲಿನ ಐದು ಅಂಕಿ ಮತ್ತೆ ನೋಡಿ: 720ಪಿಗೆ ಬೇಕಾದ್ದು 2.5. ಕಾಗದದ ಮೇಲೆ ಬ್ರಾಡ್‌ಬ್ಯಾಂಡ್ ಆದದ್ದು ಟಿವಿಯ ಮೇಲೆ ಓಡುವುದಿಲ್ಲ.

ಕಂಪನಿಗಳ ಕಷ್ಟ ಸುಳ್ಳು ಎನ್ನುವುದಿಲ್ಲ. ಕಾಡಿನ ಅಂಚಿನಲ್ಲಿ ಟವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಚದುರಿದ ಮನೆಗಳಿರುವ ಕಡೆ ಗಿರಾಕಿ ಕಡಿಮೆ. ಊರವರದೂ ಪಾಲಿದೆ. ಟವರ್ ಬಂದರೆ ಕ್ಯಾನ್ಸರ್ ಬರುತ್ತದೆಂದು ತಡೆದ ಊರಿನವರೇ ಆಮೇಲೆ ನೆಟ್ ಇಲ್ಲವೆಂದು ಅರ್ಜಿ ಬರೆದದ್ದನ್ನು ನಾವು ಕಂಡಿದ್ದೇವೆ. ನೀರಿನ ಪೈಪಿಗೆಂದು ಜೆಸಿಬಿ ಬಂದು ಕೆಳಗಿದ್ದ ಫೈಬರನ್ನು ಹರಿದು ಹಾಕುತ್ತದೆ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದೇ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ನಮ್ಮೂರಿನ ಕಾಂಟ್ರಾಕ್ಟರುಗಳಲ್ಲಿ ಅದರ ಹೆಸರು ಕೇಳಿದವರನ್ನು ನಾವಿನ್ನೂ ಹುಡುಕುತ್ತಿದ್ದೇವೆ. ಆದರೆ ಇದೆಲ್ಲ ಬಗೆಹರಿಸಬೇಕಾದ ಕಷ್ಟ. ಇದನ್ನು ಬಿಟ್ಟು ‘ನಿಮ್ಮ ಫೋನ್ ರೀಸ್ಟಾರ್ಟ್ ಮಾಡಿ’ ಎನ್ನುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ನಿಯಮವೂ ನಮ್ಮ ಪರವಾಗಿ ಪೂರ್ತಿ ಇಲ್ಲ. 2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ಗುಣಮಟ್ಟದ ನಿಯಮ ಜಾರಿಗೆ ಬಂದಿದೆ. ಯಾವ ಜಾಗದಲ್ಲಿ ಯಾವ ನೆಟ್‌ವರ್ಕ್ ಸಿಗುತ್ತದೆಂದು ಕಂಪನಿಗಳು ನಕ್ಷೆ ಪ್ರಕಟಿಸಬೇಕು. ವೈರಿನ ಮೂಲಕ ಬರುವ ಬ್ರಾಡ್‌ಬ್ಯಾಂಡ್ ಮೂರು ದಿನ ದಾಟಿಯೂ ರಿಪೇರಿ ಆಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು. ಇವು ಒಳ್ಳೆಯವು, ಬಳಸಿಕೊಳ್ಳಿ. ಆದರೆ ಮೊಬೈಲ್ ನೆಟ್‌ವರ್ಕ್ ಕೆಟ್ಟು 24 ಗಂಟೆ ಮೀರಿದರೆ ಪರಿಹಾರ ಎನ್ನುವಲ್ಲಿ ಜಿಲ್ಲೆಯ ಲೆಕ್ಕ ಹಿಡಿದಿದ್ದಾರೆ. ಒಂದು ಹಳ್ಳಿಯ ಟವರ್ ನಾಲ್ಕು ದಿನ ಮಲಗಿದರೆ ಅದು ಜಿಲ್ಲೆಯ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲೆಯೇ ಕತ್ತಲಾಗುವ ತನಕ ನಮ್ಮ ಕತ್ತಲೆ ಕತ್ತಲೆಯಲ್ಲ. ಟವರಿನ ಮಟ್ಟದಲ್ಲಿ ಲೆಕ್ಕ ಹಿಡಿಯಬೇಕು, ಪ್ರೀಪೇಯ್ಡ್‌ನವರಿಗೆ ಕೆಟ್ಟ ದಿನಗಳಷ್ಟು ವ್ಯಾಲಿಡಿಟಿ ವಾಪಸ್ ಬರಬೇಕು. ನಮ್ಮ ಬೇಡಿಕೆ ಇದು, ಇದಕ್ಕಿಂತ ಕಡಿಮೆಗೆ ಒಪ್ಪುವುದಕ್ಕೆ ಕಾರಣ ಕಾಣುವುದಿಲ್ಲ.

ಅಲ್ಲಿಯವರೆಗೆ ಕೈಯಲ್ಲಿರುವ ಹತಾರ ಹಿಡಿಯೋಣ. ಒಂದು ವಾರ, ದಿನಕ್ಕೆ ಮೂರು ಸಲ ವೇಗ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಬ್ಬರೇ ಬೇಡ, ನಾಲ್ಕು ಮನೆಯವರು ಸೇರಿ ಮಾಡಿ. ಆಮೇಲೆ 198ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ. ‘ನೆಟ್ ಸ್ಲೋ’ ಎನ್ನಬೇಡಿ. ‘ರಾತ್ರಿ ಎಂಟರಿಂದ ಹತ್ತರವರೆಗೆ ಒಂದು ಎಂಬಿಪಿಎಸ್‌ಗಿಂತ ಕಡಿಮೆ ಬರುತ್ತಿದೆ, ಒಂದು ವಾರದ ದಾಖಲೆ ಇದೆ’ ಎನ್ನಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕೊಡದೆ ಅವರು ಫೋನ್ ಇಡುವ ಹಾಗಿಲ್ಲ. ಉತ್ತರ ಸರಿಬರದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮನೆಯ ಹಿರಿಯರಿಗೆ ಇದೆಲ್ಲ ತಲೆನೋವು ಎನಿಸಿದರೆ ಪಿಯುಸಿ ಓದುವ ಮಕ್ಕಳ ಕೈಗೆ ಕೊಡಿ, ಒಂದು ಸಂಜೆಯಲ್ಲಿ ಮುಗಿಸುತ್ತಾರೆ.

ಮತ್ತೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ. ಪಂಚಾಯ್ತಿ ಪಿಡಿಒ ಅವರಿಗೇ ಕೊಡಿ, 30 ದಿನದಲ್ಲಿ ಉತ್ತರ ಬರಬೇಕು. ಪ್ರಶ್ನೆಗಳನ್ನು ಹೀಗೆ ಬರೆಯಬಹುದು: ನಮ್ಮ ಗ್ರಾಮ ಪಂಚಾಯ್ತಿಗೆ ಭಾರತ್‌ನೆಟ್ ಫೈಬರ್ ಸಂಪರ್ಕ ಬಂದ ದಿನಾಂಕ ಯಾವುದು? ಕಳೆದ ಹನ್ನೆರಡು ತಿಂಗಳಲ್ಲಿ ಅದು ಎಷ್ಟು ದಿನ ಕೆಟ್ಟಿತ್ತು, ಯಾರಿಗೆ, ಯಾವ ದಿನ ದೂರು ಕೊಟ್ಟಿರಿ, ಪ್ರತಿ ಕೊಡಿ. ಆ ಸಂಪರ್ಕದಿಂದ ಶಾಲೆ, ಅಂಗನವಾಡಿ, ಗ್ರಂಥಾಲಯ, ಮನೆಗಳಿಗೆ ಕೊಟ್ಟ ಲೈನ್ ಎಷ್ಟು? ಕಚೇರಿಯ ಇಂಟರ್‌ನೆಟ್‌ಗೆ ಈ ವರ್ಷ ಬೇರೆ ಕಂಪನಿಗೆ ಕಟ್ಟಿದ ಹಣ ಎಷ್ಟು?